ಲಿಸ್ಪ್ ಇಂಟರ್‌ಪ್ರಿಟರ್

ಲಿಸ್ಪ್ ಇಂಟರ್‌ಪ್ರಿಟರ್ ಎಂಬುದು ಲಿಸ್ಪ್ ಕುಟುಂಬದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಉಕ್ತಿಯನ್ನು ಓದಿ, ಅದನ್ನು ಮೊದಲು ಯಂತ್ರಭಾಷೆಗೆ ಪರಿವರ್ತಿಸದೆ ನೇರವಾಗಿ ಅದರ ಬೆಲೆ ಕಟ್ಟಿ, ಬಂದ ಫಲವನ್ನು ತಿಳಿಸುವ ತಂತ್ರಾಂಶ. ಸ್ಕೀಮ್, ಕಾಮನ್ ಲಿಸ್ಪ್, ಈಮ್ಯಾಕ್ಸ್ ಲಿಸ್ಪ್, ಆಟೋಲಿಸ್ಪ್, ಕ್ಲೋಜರ್ ಮೊದಲಾದವು ಈ ಕುಟುಂಬದ ಭಾಷೆಗಳು. ಹೆಚ್ಚಿನ ಭಾಷೆಗಳ ನಿಯಮಗಳು ಒಂದು ಕೈಪಿಡಿಯಲ್ಲಿರುತ್ತವೆ. ಅವನ್ನು ಜಾರಿಗೆ ತರುವ ತಂತ್ರಾಂಶ ಬೇರೆಯೇ ಇರುತ್ತದೆ. ಎರಡೂ ಹೊಂದುತ್ತವೆಯೇ ಎಂಬುದು ನಿರಂತರ ಪರಿಶೀಲನೆಯ ವಿಷಯ. ಲಿಸ್ಪ್‌ನಲ್ಲಿ ಇವೆರಡೂ ಒಂದೇ ಪಠ್ಯವಾಗಬಲ್ಲವು. ಲಿಸ್ಪ್‌ನ ಅರ್ಥವನ್ನು ಲಿಸ್ಪ್‌ನಲ್ಲೇ ಒಂದೆರಡು ಪುಟಗಳಲ್ಲಿ ಬರೆಯಬಹುದು, ಆ ಬರಹವೇ ಲಿಸ್ಪ್ ಅನ್ನು ನಡೆಸುತ್ತದೆ. ಇಂಟರ್‌ಪ್ರಿಟರ್ ಕಂಪೈಲರ್‌ಗಿಂತ ನಿಧಾನವಾದ ಬದಲಿ ಸಾಧನ ಎಂಬ ರೂಢಿಯ ತಿಳಿವಳಿಕೆ ಈ ಕಾರಣಕ್ಕೆ ಲಿಸ್ಪ್‌ಗೆ ಸಲ್ಲದು. ಇಲ್ಲಿ ಇಂಟರ್‌ಪ್ರಿಟರ್ ಎಂದರೆ ಭಾಷೆಯ ವ್ಯಾಖ್ಯೆ, ಓದಿ ತಿಳಿಯಬಹುದಾದ ರೂಪದಲ್ಲಿ.

ಕನ್ನಡ ವ್ಯಾಕರಣ ಪರಂಪರೆಯನ್ನು ಬಲ್ಲವರಿಗೆ ಈ ವ್ಯತ್ಯಾಸ ಪರಿಚಿತ. ಭಟ್ಟಾಕಳಂಕ 1604ರಲ್ಲಿ ಮುಗಿಸಿದ ಶಬ್ದಾನುಶಾಸನ ಕನ್ನಡದ ನಿಯಮಗಳನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳುತ್ತದೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಅದೇ ಕೆಲಸವನ್ನು ಕನ್ನಡದಲ್ಲಿ, ಕಂದಪದ್ಯಗಳಲ್ಲಿ ಮಾಡುತ್ತದೆ. ಅದು ವಿವರಿಸುವ ಸಂಧಿ, ವಿಭಕ್ತಿಗಳೆಲ್ಲ ಆ ವಿವರಣೆಯೊಳಗೇ ದುಡಿಯುತ್ತಿರುತ್ತವೆ. ತಮಿಳಿನ ತೊಲ್ಕಾಪ್ಪಿಯಂ ಕೂಡ ಇದೇ ಬಗೆಯದು. ಬೇರೆ ಭಾಷೆಯಲ್ಲಿ ಬರೆದ ಇಂಟರ್‌ಪ್ರಿಟರ್ ಭಟ್ಟಾಕಳಂಕನ ಮಾದರಿಗೂ, ಲಿಸ್ಪ್‌ನಲ್ಲೇ ಬರೆದದ್ದು ಕೇಶಿರಾಜನ ಮಾದರಿಗೂ ಸೇರುತ್ತವೆ.

ಪರಿಭಾಷೆ

ಈ ಲೇಖನದಲ್ಲಿ ‘ಅಣು’ ಎಂದರೆ ಬಿಡಿಸಲಾಗದ ಘಟಕ: ಒಂದು ಸಂಖ್ಯೆ ಅಥವಾ ಒಂದು ಹೆಸರು. ‘ಪಟ್ಟಿ’ ಎಂದರೆ ಆವರಣ ಚಿಹ್ನೆಗಳ ನಡುವೆ ಸಾಲಾಗಿ ಇಟ್ಟ ಅಣುಗಳು ಅಥವಾ ಬೇರೆ ಪಟ್ಟಿಗಳು. ಅಣುವಾಗಲಿ ಪಟ್ಟಿಯಾಗಲಿ, ಬೆಲೆ ಕಟ್ಟಲು ಕೊಟ್ಟಾಗ ಅದು ‘ಉಕ್ತಿ’. ಯಾವ ಹೆಸರಿಗೆ ಯಾವ ಬೆಲೆ ಎಂಬ ದಾಖಲೆಗೆ ‘ಪರಿಸರ’ ಎಂದು ಹೆಸರು. ಫಂಕ್ಷನ್, ಮ್ಯಾಕ್ರೋ, ಕಂಪೈಲರ್, ಲ್ಯಾಂಬ್ಡಾ ಎಂಬ ಪದಗಳನ್ನು ಬಳಕೆಯಲ್ಲಿರುವಂತೆಯೇ ಉಳಿಸಿಕೊಳ್ಳಲಾಗಿದೆ. ಲೆಕ್ಕದ ಬೆಲೆಗೂ ಮಾರುಕಟ್ಟೆಯ ಬೆಲೆಗೂ ಒಂದೇ ಮಾತಿರುವುದರಿಂದ ಗೊಂದಲವಾಗಬಹುದಾದರೂ, ‘ಬೆಲೆ ಕಟ್ಟು’ ಎಂಬ ಕ್ರಿಯಾಪದ ಇಂಟರ್‌ಪ್ರಿಟರ್ ಮಾಡುವ ಕೆಲಸವನ್ನು ‘ಮೌಲ್ಯಮಾಪನ’ ಎಂಬ ಪರೀಕ್ಷಾ ಇಲಾಖೆಯ ಪದಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ.

ಮೂಲ

ಜಾನ್ ಮೆಕಾರ್ಥಿ 1958ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಲಿಸ್ಪ್ ರೂಪಿಸಲು ತೊಡಗಿದರು. ಸಂಖ್ಯೆಗಳ ಬದಲು ಸಂಕೇತಗಳ ಮೇಲೆ, ಅಂದರೆ ವಾಕ್ಯ, ಸೂತ್ರ, ತರ್ಕಗಳ ಮೇಲೆ ಲೆಕ್ಕ ನಡೆಸುವ ಭಾಷೆ ಅವರಿಗೆ ಬೇಕಿತ್ತು. ಟ್ಯೂರಿಂಗ್ ಯಂತ್ರ ಎಂಬ ಗಣಿತ ಮಾದರಿಗಿಂತ ಅಚ್ಚುಕಟ್ಟಾಗಿ ಗಣನೆಯ ಸ್ವರೂಪವನ್ನು ಈ ಸಂಕೇತಲಿಪಿ ವಿವರಿಸಬಲ್ಲದು ಎಂದು ತೋರಿಸಲು ಅವರು ‘ಇವಾಲ್’ ಎಂಬ ಸಾರ್ವತ್ರಿಕ ಫಂಕ್ಷನ್ ಬರೆದರು: ಯಾವುದೇ ಲಿಸ್ಪ್ ಉಕ್ತಿಯನ್ನು ಕೊಟ್ಟರೂ ಅದರ ಬೆಲೆ ಕಟ್ಟುವ ಲಿಸ್ಪ್ ಫಂಕ್ಷನ್. ಅದು ಕಾಗದದ ಮೇಲಿನ ಗಣಿತವಾಗಿತ್ತು. ಅವರ ಸಹೋದ್ಯೋಗಿ ಸ್ಟೀವ್ ರಸೆಲ್ ಅದನ್ನು ಓದಿ, ಐಬಿಎಂ 704 ಗಣಕದ ಯಂತ್ರಭಾಷೆಗೆ ಕೈಯಾರೆ ಇಳಿಸಿದರೆ ಇದೇ ಇಂಟರ್‌ಪ್ರಿಟರ್ ಆಗುತ್ತದೆ ಎಂದು ಕಂಡುಕೊಂಡರು. ಇವಾಲ್ ಇರುವುದು ಓದಲಿಕ್ಕೆ, ಗಣಕದಲ್ಲಿ ನಡೆಸಲಿಕ್ಕಲ್ಲ ಎಂದು ಮೆಕಾರ್ಥಿ ಭಾವಿಸಿದ್ದರು. ರಸೆಲ್ ಅದನ್ನು ನಡೆಸಿಯೇ ತೋರಿಸಿದರು. ಮೆಕಾರ್ಥಿಯ ಪ್ರಬಂಧ 1960ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಲಿಸ್ಪ್ 1.5ರ ಕೈಪಿಡಿ 1962ರಲ್ಲಿ ಬಂತು.

ಈ ಘಟನೆಯಿಂದ ಎರಡು ಸಂಗತಿಗಳು ಕಾಯಂ ಆದವು. ಮೊದಲನೆಯದು, ದತ್ತಾಂಶದ ಬರಹವೇ ಪ್ರೋಗ್ರಾಂನ ಬರಹವೂ ಆಯಿತು. ಪಟ್ಟಿಗಳ ಆವರಣ ಬರಹ ದತ್ತಾಂಶಕ್ಕೆಂದೇ ಇದ್ದದ್ದು. ಪ್ರೋಗ್ರಾಂ ಬರೆಯಲು ಗಣಿತದಂಥ ಬೇರೊಂದು ಬರಹವನ್ನು ಮೆಕಾರ್ಥಿ ಯೋಜಿಸಿದ್ದರು. ಇಂಟರ್‌ಪ್ರಿಟರ್ ದತ್ತಾಂಶದ ಬರಹವನ್ನೇ ಓದುತ್ತಿದ್ದುದರಿಂದ ಬಳಕೆದಾರರು ಅದಕ್ಕೇ ಒಗ್ಗಿಕೊಂಡರು, ಇನ್ನೊಂದು ಬರಹ ರೂಢಿಗೆ ಬರಲಿಲ್ಲ. ಎರಡನೆಯದು, ಐಬಿಎಂ 704ರ ಒಡಲಿನ ಗುರುತುಗಳು ಭಾಷೆಯಲ್ಲಿ ಉಳಿದವು. ಅದರ 36 ಬಿಟ್‌ಗಳ ಪದದಲ್ಲಿ ‘ಅಡ್ರೆಸ್’, ‘ಡಿಕ್ರಿಮೆಂಟ್’ ಎಂಬ ತಲಾ 15 ಬಿಟ್‌ಗಳ ಎರಡು ಭಾಗಗಳಿದ್ದವು. ಒಂದರಲ್ಲಿ ಪಟ್ಟಿಯ ಮೊದಲ ಅಂಶದ ವಿಳಾಸ, ಇನ್ನೊಂದರಲ್ಲಿ ಉಳಿದ ಪಟ್ಟಿಯ ವಿಳಾಸ. ಪಟ್ಟಿಯ ತಲೆಯನ್ನು ತೆಗೆಯುವ ‘ಕಾರ್’, ಬಾಲವನ್ನು ತೆಗೆಯುವ ‘ಕುಡ್ಡರ್’ ಎಂಬ ಹೆಸರುಗಳು ಆ ಭಾಗಗಳಿಂದ ಬಂದವು. ಗಣಕ ಮೂಲೆ ಸೇರಿ ದಶಕಗಳೇ ಕಳೆದರೂ ಹೆಸರುಗಳು ಬಳಕೆಯಲ್ಲಿವೆ.

ರಚನೆ

ಇಂಟರ್‌ಪ್ರಿಟರ್‌ನಲ್ಲಿ ಮೂರು ಅಂಗಗಳಿವೆ. ಓದುಗ ಅಕ್ಷರಗಳ ಸಾಲನ್ನು ಪಟ್ಟಿಯಾಗಿ ಕಟ್ಟುತ್ತದೆ. ಇವಾಲ್ ಆ ಪಟ್ಟಿಗೆ ಬೆಲೆ ಕಟ್ಟುತ್ತದೆ. ಮುದ್ರಕ ಬಂದ ಬೆಲೆಯನ್ನು ಮತ್ತೆ ಅಕ್ಷರಗಳಾಗಿ ತೋರಿಸುತ್ತದೆ. ಮೂರೂ ಒಂದು ಸುತ್ತಿನಲ್ಲಿ ನಡೆಯುತ್ತಿರುವುದರಿಂದ ಬಳಕೆದಾರ ಒಂದು ಸಾಲು ಬರೆದ ಕೂಡಲೇ ಉತ್ತರ ಕಾಣುತ್ತದೆ. ಇಂದು ಪೈಥಾನ್ ಕಲಿಯುವವರೆಲ್ಲ ಬಳಸುವ ಈ ಸಂವಾದದ ಕ್ರಮ ಲಿಸ್ಪ್ ಬಳಗದಲ್ಲಿ ಬೆಳೆದದ್ದು.

ಇವಾಲ್‌ನ ನಿಯಮಗಳು ಕೆಲವೇ. ಸಂಖ್ಯೆಯ ಬೆಲೆ ಆ ಸಂಖ್ಯೆಯೇ. ಹೆಸರಿನ ಬೆಲೆ ಪರಿಸರದಲ್ಲಿ ಆ ಹೆಸರಿನ ಮುಂದೆ ಬರೆದಿರುವುದು. ಪಟ್ಟಿಯಾದರೆ ಅದರ ತಲೆಯನ್ನು ನೋಡಬೇಕು. ತಲೆಯಲ್ಲಿ ವಿಶೇಷ ಪದವಿದ್ದರೆ ಅದಕ್ಕೆ ಅದರದೇ ನಿಯಮ: ಉದ್ಧರಣದ ಪದವಿದ್ದರೆ ಮುಂದಿನದಕ್ಕೆ ಬೆಲೆ ಕಟ್ಟದೆ ಹಾಗೆಯೇ ಕೊಡಬೇಕು, ಷರತ್ತಿನ ಪದವಿದ್ದರೆ ಷರತ್ತು ನೋಡಿ ಒಂದು ಕವಲಿಗೆ ಮಾತ್ರ ಬೆಲೆ ಕಟ್ಟಬೇಕು, ಲ್ಯಾಂಬ್ಡಾ ಇದ್ದರೆ ಹೊಸ ಫಂಕ್ಷನ್ ಕಟ್ಟಿಕೊಡಬೇಕು. ಇವಾವುದೂ ಅಲ್ಲದಿದ್ದರೆ ಪಟ್ಟಿಯ ಎಲ್ಲ ಅಂಶಗಳಿಗೂ ಬೆಲೆ ಕಟ್ಟಿ, ತಲೆಯಿಂದ ಬಂದ ಫಂಕ್ಷನ್ ಅನ್ನು ಉಳಿದವುಗಳ ಮೇಲೆ ಪ್ರಯೋಗಿಸಬೇಕು. ಈ ಪ್ರಯೋಗದ ಕೆಲಸ ‘ಅಪ್ಲೈ’ ಎಂಬ ಎರಡನೆಯ ಫಂಕ್ಷನ್‌ನದು. ಫಂಕ್ಷನ್ ಯಂತ್ರದಲ್ಲೇ ಇರುವ ಮೂಲಕ್ರಿಯೆಯಾದರೆ ಅಪ್ಲೈ ಅದನ್ನು ನೇರ ಮಾಡಿಸುತ್ತದೆ. ಬಳಕೆದಾರ ಬರೆದದ್ದಾದರೆ, ಅದರ ಹೆಸರುಗಳಿಗೆ ಬಂದ ಬೆಲೆಗಳನ್ನು ಕಟ್ಟಿ ಹೊಸ ಪರಿಸರ ಮಾಡಿ, ಫಂಕ್ಷನ್‌ನ ಒಡಲನ್ನು ಮತ್ತೆ ಇವಾಲ್‌ಗೆ ಒಪ್ಪಿಸುತ್ತದೆ. ಇವಾಲ್ ಅಪ್ಲೈಯನ್ನು, ಅಪ್ಲೈ ಇವಾಲ್ ಅನ್ನು ಕರೆಯುತ್ತ ಹೋಗುವುದೇ ಇಡೀ ಗಣನೆ. ಹೆಸರುಗಳನ್ನು ಕನ್ನಡದಲ್ಲಿ ಬರೆದ ಒಂದು ಉದಾಹರಣೆ:

(ಹೆಸರಿಡು ವರ್ಗ (ಲ್ಯಾಂಬ್ಡಾ (ಸಂ) (ಗುಣಿಸು ಸಂ ಸಂ)))
(ವರ್ಗ 7)

ಮೊದಲ ಸಾಲು ಪರಿಸರದಲ್ಲಿ ‘ವರ್ಗ’ ಎಂಬ ಹೆಸರಿನ ಮುಂದೆ ಒಂದು ಫಂಕ್ಷನ್ ಬರೆದಿಡುತ್ತದೆ. ಎರಡನೆಯ ಸಾಲಿನಲ್ಲಿ ಅಪ್ಲೈ ‘ಸಂ’ಗೆ 7 ಕಟ್ಟಿದ ಹೊಸ ಪರಿಸರ ಮಾಡುತ್ತದೆ, ಅದರಲ್ಲಿ (ಗುಣಿಸು ಸಂ ಸಂ) ಎಂಬುದರ ಬೆಲೆ 49.

ಇಲ್ಲಿ ಗಮನಿಸಬೇಕಾದದ್ದು, ಇವಾಲ್‌ನ ಕೈಗೆ ಬರುವ ಪ್ರೋಗ್ರಾಂ ಲಿಸ್ಪ್ ತಾನೇ ಬಳಸುವ ಪಟ್ಟಿಯೇ ಆಗಿರುವುದು. ಸಿ ಅಥವಾ ಜಾವಾದ ಇಂಟರ್‌ಪ್ರಿಟರ್ ಬರೆಯುವವರು ವಾಕ್ಯಗಳನ್ನು ಬಿಡಿಸಿ ಮರದ ರೂಪಕ್ಕೆ ತರುವುದರಲ್ಲೇ ಸಾಕಷ್ಟು ಶ್ರಮ ಕಳೆಯುತ್ತಾರೆ. ಲಿಸ್ಪ್‌ನಲ್ಲಿ ಬರಹಗಾರನೇ ಮರವನ್ನು ಬರೆದುಕೊಟ್ಟಿರುತ್ತಾನೆ. ಆದ್ದರಿಂದ ಉಳಿಯುವುದು ಅರ್ಥದ ನಿಯಮಗಳು ಮಾತ್ರ, ಅವು ಎರಡು ಪುಟ ಮೀರುವುದಿಲ್ಲ. ಮ್ಯಾಕ್ರೋ ಎಂಬ ಸೌಲಭ್ಯ ಕೂಡ ಇದರ ಫಲ: ಪಟ್ಟಿಯನ್ನು ತೆಗೆದುಕೊಂಡು ಬೇರೊಂದು ಪಟ್ಟಿ ಕಟ್ಟಿಕೊಡುವ ಫಂಕ್ಷನ್, ಬೆಲೆ ಕಟ್ಟುವುದಕ್ಕೆ ಮೊದಲೇ ನಡೆಯುವಂಥದು.

ಪಟ್ಟಿಗಳು ಸತತವಾಗಿ ಹುಟ್ಟಿ ಬೇಡವಾಗುತ್ತಿರುವುದರಿಂದ ಸ್ಮೃತಿಯನ್ನು ಮರಳಿ ಪಡೆಯುವ ವ್ಯವಸ್ಥೆ ಬೇಕು. ಯಾವ ಹೆಸರಿನಿಂದಲೂ ತಲುಪಲಾಗದ ಕೋಶಗಳನ್ನು ಗುರುತಿಸಿ ತಾನಾಗಿಯೇ ಬಿಡಿಸಿಕೊಳ್ಳುವ ಈ ಕಸ ಗುಡಿಸುವ ವಿಧಾನವನ್ನು 1960ರ ಪ್ರಬಂಧವೇ ವಿವರಿಸಿತು. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಎಲ್ಲವೂ ಈ ಕಲ್ಪನೆಗೆ ಋಣಿ.

ಹೆಸರಿನ ವ್ಯಾಪ್ತಿ

ಇಂಟರ್‌ಪ್ರಿಟರ್ ಭಾಷೆಯ ವ್ಯಾಖ್ಯೆ ಎಂಬುದಕ್ಕೆ ಬಲವಾದ ಸಾಕ್ಷ್ಯ ಹೆಸರುಗಳ ವ್ಯಾಪ್ತಿಯ ಪ್ರಶ್ನೆಯಲ್ಲಿ ಸಿಗುತ್ತದೆ. ‘ದರ’ ಎಂಬ ಹೆಸರಿಗೆ 5 ಎಂದು ಬೆಲೆ ಇದೆ ಎನ್ನಿ. ‘ತೆರಿಗೆ’ ಎಂಬ ಫಂಕ್ಷನ್ ಮೊತ್ತವನ್ನು ಆ ದರದಿಂದ ಗುಣಿಸಿ 100ರಿಂದ ಭಾಗಿಸುತ್ತದೆ. ಈಗ ಇನ್ನೊಂದು ಫಂಕ್ಷನ್ ತನ್ನ ಒಳಗೆ ‘ದರ’ ಎಂಬುದನ್ನೇ 18 ಎಂದು ಕಟ್ಟಿಕೊಂಡು, 1000 ರೂಪಾಯಿಗೆ ‘ತೆರಿಗೆ’ಯನ್ನು ಕರೆಯುತ್ತದೆ. ಉತ್ತರ 50 ಆಗಬೇಕೋ 180 ಆಗಬೇಕೋ? ಫಂಕ್ಷನ್ ಹುಟ್ಟಿದ ಸ್ಥಳದ ಪರಿಸರ ನೋಡಿದರೆ 50. ಕರೆದ ಸ್ಥಳದ ಪರಿಸರ ನೋಡಿದರೆ 180. ಮೆಕಾರ್ಥಿಯ ಮೊದಲ ಇವಾಲ್ ಎರಡನೆಯದನ್ನು ಕೊಡುತ್ತಿತ್ತು. ಇದು ಯೋಚಿಸಿ ಮಾಡಿದ ಆಯ್ಕೆಯಾಗಿರಲಿಲ್ಲ, ದೋಷವಾಗಿತ್ತು ಎಂದು ಅವರೇ ಮುಂದೆ ಒಪ್ಪಿಕೊಂಡರು. ಆದರೂ ಇಂಟರ್‌ಪ್ರಿಟರ್ ಹಾಗೆ ನಡೆದುಕೊಂಡದ್ದರಿಂದ ಒಂದು ತಲೆಮಾರಿನ ಲಿಸ್ಪ್‌ಗಳಲ್ಲಿ ಅದೇ ಭಾಷೆಯ ನಿಯಮವಾಯಿತು.

1975ರಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ಒಂದು ಪುಟ್ಟ ಇಂಟರ್‌ಪ್ರಿಟರ್ ಬರೆದು ಸ್ಕೀಮ್ ಭಾಷೆಗೆ ಜನ್ಮ ಕೊಟ್ಟರು. ಅದರಲ್ಲಿ ಲ್ಯಾಂಬ್ಡಾ ಒಂದು ಫಂಕ್ಷನ್ ಕಟ್ಟುವಾಗ ತನ್ನ ಹುಟ್ಟಿನ ಪರಿಸರವನ್ನೂ ಜೊತೆಗೆ ಹೊತ್ತೊಯ್ಯುತ್ತದೆ. ಅಪ್ಲೈ ಹೊಸ ಹೆಸರುಗಳನ್ನು ಯಾವ ಪರಿಸರದ ಮೇಲೆ ಹೊರಿಸಬೇಕು ಎಂಬ ಒಂದೇ ಜಾಗದ ಬದಲಾವಣೆ ಇದು, ಭಾಷೆಯ ಸ್ವಭಾವವನ್ನೇ ತಿರುಗಿಸಿತು. ಕಾಮನ್ ಲಿಸ್ಪ್ 1984ರಲ್ಲಿ ಇದನ್ನು ಅಂಗೀಕರಿಸಿತು. ಈಮ್ಯಾಕ್ಸ್ ಲಿಸ್ಪ್ 2012ರಲ್ಲಿ ಆಯ್ಕೆಯಾಗಿ ಸೇರಿಸಿಕೊಂಡಿತು. ಆಟೋಲಿಸ್ಪ್‌ನಲ್ಲಿ ಹಳೆಯ ನಿಯಮವೇ ಇದೆ; ಅಲ್ಲಿ ಫಂಕ್ಷನ್‌ನ ಖಾಸಗಿ ಹೆಸರುಗಳನ್ನು ಓರೆಗೆರೆಯ ನಂತರ ಪ್ರತ್ಯೇಕ ಪಟ್ಟಿ ಮಾಡಬೇಕು. ಮರೆತರೆ ಒಂದು ಪ್ರೋಗ್ರಾಂನ ಬೆಲೆ ಇನ್ನೊಂದರೊಳಕ್ಕೆ ಸೋರುತ್ತದೆ.

ಕನ್ನಡದ ಪದಕ್ರಮ

ಲಿಸ್ಪ್‌ನಲ್ಲಿ ಕ್ರಿಯೆ ಮೊದಲು, ಕರ್ಮ ಆಮೇಲೆ. ಕನ್ನಡದಲ್ಲೂ ತಮಿಳಿನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. (ಕೂಡು (ಗುಣಿಸು 4 5) 2) ಎಂಬುದನ್ನು ಕನ್ನಡಿಗ ಸಹಜವಾಗಿ ಹೇಳುವುದು ‘4ನ್ನು 5ರಿಂದ ಗುಣಿಸಿದ್ದಕ್ಕೆ 2 ಕೂಡು’ ಎಂದು. ಇಂಟರ್‌ಪ್ರಿಟರ್ ಕೈಯಲ್ಲಿದ್ದರೆ ಇದು ದೊಡ್ಡ ತೊಡಕಲ್ಲ. ಇವಾಲ್ ಫಂಕ್ಷನ್ ಅನ್ನು ಪಟ್ಟಿಯ ತಲೆಯಿಂದ ತೆಗೆಯುವ ಕಡೆ ಕೊನೆಯಿಂದ ತೆಗೆಯುವಂತೆಯೂ, ಉಳಿದ ಅಂಶಗಳನ್ನು ಅದಕ್ಕೆ ತಕ್ಕಂತೆ ಆರಿಸುವಂತೆಯೂ ತಿದ್ದಿದರೆ

((4 5 ಗುಣಿಸು) 2 ಕೂಡು)

ಎಂಬುದು ಭಾಷೆಯ ಸರಿಯಾದ ಉಕ್ತಿಯಾಗುತ್ತದೆ, ಅದರ ಬೆಲೆ 22. ಓದುಗ, ಮುದ್ರಕ, ಪರಿಸರ, ಕಸ ಗುಡಿಸುವ ವ್ಯವಸ್ಥೆ ಯಾವುದನ್ನೂ ಮುಟ್ಟಬೇಕಿಲ್ಲ. ತಮಿಳು ಪದಗಳ ಪ್ರೋಗ್ರಾಮಿಂಗ್ ಭಾಷೆಯಾದ ಎಳಿಲ್ ಅನ್ನು ಮುತ್ತಯ್ಯ ಅಣ್ಣಾಮಲೈ ಪೈಥಾನ್‌ನಲ್ಲಿ ಬರೆದ ಇಂಟರ್‌ಪ್ರಿಟರ್‌ನಿಂದ ರೂಪಿಸಿದರು. ಅದು ಲಿಸ್ಪ್ ಕುಟುಂಬದ್ದಲ್ಲವಾದ್ದರಿಂದ ಅದಕ್ಕೆ ತನ್ನದೇ ವಾಕ್ಯವಿಭಜಕ ಬೇಕಾಯಿತು. ಭಾರತೀಯ ಭಾಷೆಗಳ ಪದಕ್ರಮದಲ್ಲಿ ಪ್ರೋಗ್ರಾಮಿಂಗ್ ಕಲಿಸಬೇಕೆನ್ನುವ ಪ್ರಯೋಗಗಳಿಗೆ ಲಿಸ್ಪ್ ಇಂಟರ್‌ಪ್ರಿಟರ್ ಅತ್ಯಂತ ಅಗ್ಗದ ನೆಲೆ. ಇದನ್ನು ಬಳಸಿಕೊಂಡವರು ಕಡಿಮೆ ಎಂಬುದು ಖೇದದ ಸಂಗತಿ.

ಅಕ್ಷರಗಳ ಮಟ್ಟದಲ್ಲಿ ಒಂದು ಎಚ್ಚರಿಕೆ ಬೇಕು. 2007ರ ಆರನೆಯ ಸ್ಕೀಮ್ ವರದಿ ಯೂನಿಕೋಡ್ ಅಕ್ಷರಗಳ ಹೆಸರುಗಳನ್ನು ಮಾನ್ಯ ಮಾಡಿತು. 2013ರ ಏಳನೆಯ ವರದಿ, ಹಿಂದಿ ಮೊದಲಾದ ಭಾಷೆಗಳ ಸರಿಯಾದ ಕಾಗುಣಿತಕ್ಕೆ ಬೇಕೆಂದು, ಅಕ್ಷರಗಳನ್ನು ಬೆಸೆಯುವ ಮತ್ತು ಬೇರ್ಪಡಿಸುವ ಶೂನ್ಯ ಅಗಲದ ಚಿಹ್ನೆಗಳನ್ನೂ ಹೆಸರಿನೊಳಗೆ ಒಪ್ಪಿತು. ಕನ್ನಡದಲ್ಲಿ ಅರ್ಧಾಕ್ಷರದ ನಂತರ ಒತ್ತಕ್ಷರವಾಗದಂತೆ ಬೇರ್ಪಡಿಸುವ ಚಿಹ್ನೆಯನ್ನು ಬಳಸುತ್ತೇವೆ. ಅದು ಹೆಸರಿನ ಕೊನೆಯಲ್ಲಿ ಉಳಿದುಕೊಂಡರೆ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಇಂಟರ್‌ಪ್ರಿಟರ್‌ಗೆ ಬೇರೆ ಬೇರೆ.

ಬಗೆಗಳು

ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿ ನಡೆದು ನೋಡುವುದು ಸರಳವಾದ ಬಗೆ. ಲಿಸ್ಪ್‌ನಲ್ಲೇ ಲಿಸ್ಪ್‌ನ ಇವಾಲ್ ಬರೆದದ್ದು ಸ್ವವಿವರಕ ಇಂಟರ್‌ಪ್ರಿಟರ್. ಹೆರಾಲ್ಡ್ ಏಬಲ್‌ಸನ್ ಮತ್ತು ಸಸ್‌ಮನ್ 1985ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕದ ನಾಲ್ಕನೆಯ ಅಧ್ಯಾಯ ಇದನ್ನು ಕಟ್ಟುತ್ತದೆ. ಅದೇ ಪುಸ್ತಕದ ಎರಡನೆಯ ಆವೃತ್ತಿ ಉಕ್ತಿಯನ್ನು ಒಮ್ಮೆ ಮಾತ್ರ ವಿಶ್ಲೇಷಿಸಿ ಆಮೇಲೆ ಬೇಕಾದಷ್ಟು ಸಲ ನಡೆಸುವ ಸುಧಾರಿತ ಬಗೆಯನ್ನೂ ತೋರಿಸುತ್ತದೆ. ಉಕ್ತಿಯನ್ನು ಕಲ್ಪಿತ ಯಂತ್ರವೊಂದರ ಬೈಟ್‌ಕೋಡ್‌ಗೆ ಇಳಿಸಿ ಅದನ್ನು ನಡೆಸುವುದು ಇನ್ನೊಂದು ಬಗೆ; ಈಮ್ಯಾಕ್ಸ್, ಕಾಮನ್ ಲಿಸ್ಪ್‌ನ ಕ್ಲಿಸ್ಪ್, ಸ್ಕೀಮ್‌ನ ಗೈಲ್ ಇದಕ್ಕೆ ಸೇರುತ್ತವೆ. ಇವಾಲ್ ಅನ್ನು ಸಿಲಿಕಾನ್‌ನಲ್ಲೇ ಕೆತ್ತುವ ಪ್ರಯತ್ನವೂ ನಡೆದಿದೆ: 1979ರ ಸ್ಕೀಮ್ ಚಿಪ್ ಪಟ್ಟಿಯ ರೂಪದ ಪ್ರೋಗ್ರಾಂ ಅನ್ನು ನೇರವಾಗಿ ನಡೆಸುತ್ತಿತ್ತು. ಕ್ಲೋಜರ್ ಮತ್ತು ಕಾಮನ್ ಲಿಸ್ಪ್ ತಂತ್ರಾಂಶವಾದ ಎಸ್‌ಬಿಸಿಎಲ್‌ಗಳಲ್ಲಿ ಸಂವಾದದ ಸುತ್ತು ಇದ್ದರೂ, ಸಾಮಾನ್ಯವಾಗಿ ಪ್ರತಿ ಉಕ್ತಿಯೂ ಆ ಕ್ಷಣದಲ್ಲೇ ಕಂಪೈಲ್ ಆಗುತ್ತದೆ.

ಚೆನ್ನೈ

ಚೆನ್ನೈಗೂ ಲಿಸ್ಪ್ ಬಳಗಕ್ಕೂ ಇರುವ ಸಂಬಂಧ ವ್ಯಕ್ತಿಗಳ ಮೂಲಕ, ಸಂಸ್ಥೆಗಳ ಮೂಲಕ, ಕಾರ್ಖಾನೆಗಳ ನಕ್ಷೆಮನೆಗಳ ಮೂಲಕ ಬೆಳೆದದ್ದು. 1794ರ ಭೂಮಾಪನ ಶಾಲೆಯಲ್ಲಿ ಬೇರು ಹೊಂದಿರುವ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಿಂದ ರಾಜ್ ರೆಡ್ಡಿ 1958ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದರು. ಮೆಕಾರ್ಥಿ ಲಿಸ್ಪ್ ಕೆಲಸ ತೊಡಗಿದ್ದೂ ಅದೇ ವರ್ಷ. ಮುಂದೆ ಸ್ಟ್ಯಾನ್‌ಫರ್ಡ್‌ಗೆ ಬಂದ ಮೆಕಾರ್ಥಿಯ ಮಾರ್ಗದರ್ಶನದಲ್ಲೇ ರೆಡ್ಡಿ 1966ರಲ್ಲಿ ಡಾಕ್ಟರೇಟ್ ಪಡೆದರು. ಗಣಕಕ್ಕೆ ಮಾತು ತಿಳಿಯುವಂತೆ ಮಾಡುವ ಸಂಶೋಧನೆಗೆ ಹೆಸರಾದ ಅವರಿಗೆ 1994ರಲ್ಲಿ ಎಡ್ವರ್ಡ್ ಫೀಗನ್‌ಬಾಮ್ ಜೊತೆಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಗಿಂಡಿ ಕಾಲೇಜಿನಂತೆ ಸರ್ದಾರ್ ಪಟೇಲ್ ರಸ್ತೆಯಲ್ಲೇ ಇರುವ ಐಐಟಿ ಮದ್ರಾಸಿನ ಮೆಕ್ಯಾನಿಕಲ್ ಪದವೀಧರ ಆರ್. ವಿ. ಗುಹಾ ಕೂಡ ಸ್ಟ್ಯಾನ್‌ಫರ್ಡ್‌ನಲ್ಲಿ ಮೆಕಾರ್ಥಿಯ ಶಿಷ್ಯರಾದರು. 1984ರಲ್ಲಿ ಡಗ್ಲಾಸ್ ಲೆನಟ್ ಆರಂಭಿಸಿದ ಸೈಕ್ ಯೋಜನೆಯಲ್ಲಿ ಅವರು ಪ್ರಮುಖರು. ಸಾಮಾನ್ಯ ಜ್ಞಾನವನ್ನು ಲಕ್ಷಾಂತರ ಹೇಳಿಕೆಗಳಾಗಿ ದಾಖಲಿಸುವ ಆ ಯೋಜನೆಯ ಭಾಷೆ ಸೈಕ್‌ಎಲ್ ಆವರಣಗಳ ಪಟ್ಟಿಯಲ್ಲೇ ಬರೆಯುವಂಥದು. ‘ಚೆನ್ನೈ ಒಂದು ನಗರ’ ಎಂಬುದು ಅಲ್ಲಿ ಮೂರು ಅಂಶಗಳ ಒಂದು ಪಟ್ಟಿ. ಸಂಕೇತಗಳ ಮೇಲೆ ಲೆಕ್ಕ ನಡೆಸಬೇಕೆಂಬ ಮೆಕಾರ್ಥಿಯ ಹಂಬಲದ ಮುಂದುವರಿಕೆ ಅದು.

ಐಐಟಿ ಮದ್ರಾಸಿಗೆ 1973ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಐಬಿಎಂ 370/155 ಗಣಕ ಬಂತು. ಅಲ್ಲಿ ಗಣಕ ಶಿಕ್ಷಣವನ್ನು ಕಟ್ಟಿದವರಲ್ಲಿ ಎಚ್. ಎನ್. ಮಹಾಬಲ ಪ್ರಮುಖರು. 1986ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಜ್ಞಾನಾಧಾರಿತ ಗಣಕ ವ್ಯವಸ್ಥೆಗಳ ಯೋಜನೆಯನ್ನು ಆರಂಭಿಸಿದಾಗ, ತಜ್ಞ ವ್ಯವಸ್ಥೆಗಳ ಕೇಂದ್ರವಾಗಿ ಐಐಟಿ ಮದ್ರಾಸ್ ಆಯ್ಕೆಯಾಯಿತು. ಸಮಾಂತರ ಸಂಸ್ಕರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂತು. ಚಿಕ್ಕ ಮಕ್ಕಳ ಕಾಯಿಲೆಯ ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತರಿಗೆ ನೆರವಾಗುವ ಏಕಲವ್ಯ ಎಂಬ ವ್ಯವಸ್ಥೆ ಐಐಟಿ ಮದ್ರಾಸಿನಲ್ಲಿ ಸಿದ್ಧವಾಯಿತು.

ತಜ್ಞ ವ್ಯವಸ್ಥೆ ಯಾವ ಭಾಷೆಯಲ್ಲಿ ಬರೆದದ್ದಾದರೂ ಅದರ ಒಡಲಲ್ಲಿ ಒಂದು ಸಣ್ಣ ಇಂಟರ್‌ಪ್ರಿಟರ್ ಇರುತ್ತದೆ. ವೈದ್ಯನ ತಿಳಿವಳಿಕೆ ‘ಹೀಗಿದ್ದರೆ ಹೀಗೆ’ ಎಂಬ ನಿಯಮಗಳಾಗಿ ಪಟ್ಟಿಯಲ್ಲಿರುತ್ತದೆ, ಅದನ್ನು ಓದಿ ತೀರ್ಮಾನಕ್ಕೆ ಬರುವ ಭಾಗ ಇವಾಲ್‌ನ ಕೆಲಸ ಮಾಡುತ್ತದೆ. ಈ ಕ್ರಮಕ್ಕೆ ಮಾದರಿಯಾದದ್ದು 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲಿಸ್ಪ್‌ನಲ್ಲಿ ಬರೆದ ಮೈಸಿನ್. ರಕ್ತದ ಸೋಂಕಿನ ಚಿಕಿತ್ಸೆಗೆ ಸಲಹೆ ಕೊಡುತ್ತಿದ್ದ ಅದು ‘ಈ ಪ್ರಶ್ನೆ ಏಕೆ?’ ಎಂದು ವೈದ್ಯ ಕೇಳಿದರೆ ತಾನು ಬಳಸುತ್ತಿರುವ ನಿಯಮವನ್ನೇ ತೋರಿಸುತ್ತಿತ್ತು. ನಿಯಮ ಯಂತ್ರಸಂಕೇತವಾಗಿ ಕರಗಿಹೋಗದೆ ಓದಬಲ್ಲ ಪಟ್ಟಿಯಾಗಿ ಉಳಿದದ್ದರಿಂದ ಇದು ಸಾಧ್ಯವಾಯಿತು. ಹಳ್ಳಿಯ ಕಾರ್ಯಕರ್ತೆ ಒಬ್ಬ ತಾಯಿಗೆ ಕಾರಣ ಹೇಳಬೇಕಾದ ಸಂದರ್ಭದಲ್ಲಿ ಈ ಗುಣದ ಬೆಲೆ ಗೊತ್ತಾಗುತ್ತದೆ.

ಹೆಚ್ಚು ಜನರ ಕೈಗೆ ಲಿಸ್ಪ್ ತಲುಪಿದ್ದು ಮಾತ್ರ ನಕ್ಷೆಯ ತಂತ್ರಾಂಶದಿಂದ. ಆಟೋಕ್ಯಾಡ್‌ಗೆ 1986ರಲ್ಲಿ ಸೇರಿದ ಆಟೋಲಿಸ್ಪ್, ಡೇವಿಡ್ ಬೆಟ್ಜ್ ಬರೆದ ಎಕ್ಸ್‌ಲಿಸ್ಪ್ ಎಂಬ ಸಣ್ಣ ಇಂಟರ್‌ಪ್ರಿಟರ್‌ನಿಂದ ಹುಟ್ಟಿದ್ದು. ಅಂಬತ್ತೂರು, ಶ್ರೀಪೆರುಂಬುದೂರಿನಂಥ ಕೈಗಾರಿಕಾ ಪ್ರದೇಶಗಳ ನಕ್ಷೆಗಾರರಿಗೆ ಆಟೋಕ್ಯಾಡ್ ದಿನದ ಹತ್ಯಾರ. ಒಂದೇ ಬಗೆಯ ನೂರು ತೂತುಗಳನ್ನು ಗುರುತಿಸುವ, ಅಳತೆಗಳನ್ನು ಸಾಲಾಗಿ ಬರೆಯುವ ಕೆಲಸಕ್ಕೆ ನಾಲ್ಕು ಸಾಲಿನ ಆಟೋಲಿಸ್ಪ್ ಸಾಕು. ಗಣಕ ವಿಜ್ಞಾನ ಓದದವರೂ ಆಜ್ಞಾ ಸಾಲಿನಲ್ಲಿ ಆವರಣ ತೆರೆದು ಲೆಕ್ಕ ಮಾಡಿ ಪ್ರಯೋಜನ ಪಡೆಯುವುದು ಇಂಟರ್‌ಪ್ರಿಟರ್ ಇರುವುದರಿಂದಲೇ.

ಇತರ ಬಳಕೆ

ಗ್ನೂ ಈಮ್ಯಾಕ್ಸ್ ಪಠ್ಯ ಸಂಪಾದಕದ ಹೆಚ್ಚಿನ ಭಾಗ ಲಿಸ್ಪ್‌ನಲ್ಲಿದೆ, ಅದು ಓಡುತ್ತಿರುವಾಗಲೇ ಬಳಕೆದಾರ ಅದರ ಫಂಕ್ಷನ್‌ಗಳನ್ನು ಬದಲಿಸಬಹುದು. ಟಿ. ವಿ. ರಾಮನ್ 1995ರಲ್ಲಿ ಬಿಡುಗಡೆ ಮಾಡಿದ ಈಮ್ಯಾಕ್ಸ್‌ಪೀಕ್ ಇದನ್ನು ಬಳಸಿಕೊಂಡು, ಸಂಪಾದಕದ ಮೂಲ ಬರಹವನ್ನು ಮುಟ್ಟದೆ, ದೃಷ್ಟಿ ಇಲ್ಲದವರಿಗಾಗಿ ಅದಕ್ಕೆ ಮಾತು ಕೊಟ್ಟಿತು. ಬೀಜಗಣಿತದ ತಂತ್ರಾಂಶ ಮ್ಯಾಕ್ಸಿಮಾ ಕಾಮನ್ ಲಿಸ್ಪ್‌ನಲ್ಲಿದೆ. ಚಿತ್ರ ತಿದ್ದುವ ಗಿಂಪ್‌ನಲ್ಲಿ ಸ್ಕೀಮ್, ಧ್ವನಿ ತಿದ್ದುವ ಆಡಾಸಿಟಿಯಲ್ಲಿ ನೈಕ್ವಿಸ್ಟ್ ಎಂಬ ಲಿಸ್ಪ್ ಇಂಟರ್‌ಪ್ರಿಟರ್‌ಗಳಿವೆ.

ಆಕ್ಷೇಪಗಳು

ಮೊದಲ ಆಕ್ಷೇಪ ತಾತ್ವಿಕವಾದದ್ದು. ಲಿಸ್ಪ್ ಅನ್ನು ಲಿಸ್ಪ್‌ನಿಂದಲೇ ವಿವರಿಸುವುದು ಸುತ್ತುವಾದ. ಕನ್ನಡ ಬಾರದವನಿಗೆ ಶಬ್ದಮಣಿದರ್ಪಣ ಹೇಗೆ ಕನ್ನಡ ಕಲಿಸೀತು? ಜಾನ್ ರೆನಲ್ಡ್ಸ್ 1972ರಲ್ಲಿ ಇದನ್ನು ಖಚಿತ ರೂಪದಲ್ಲಿ ಮಂಡಿಸಿದರು: ವಿವರಿಸುವ ಭಾಷೆ ತನ್ನ ಅಂಶಗಳಿಗೆ ಯಾವ ಕ್ರಮದಲ್ಲಿ ಬೆಲೆ ಕಟ್ಟುತ್ತದೋ ಅದೇ ಕ್ರಮ ವಿವರಿಸಲ್ಪಟ್ಟ ಭಾಷೆಗೂ ಸದ್ದಿಲ್ಲದೆ ಇಳಿದುಬಿಡುತ್ತದೆ. ಆಕ್ಷೇಪ ಸರಿಯಾದದ್ದೇ. ಆದರೆ ಅದು ಹೇಳುವುದು ಸ್ವವಿವರಣೆ ಎಲ್ಲವನ್ನೂ ಹೇಳುವುದಿಲ್ಲ ಎಂದು, ಏನನ್ನೂ ಹೇಳುವುದಿಲ್ಲ ಎಂದಲ್ಲ. ಹೆಸರಿನ ವ್ಯಾಪ್ತಿ, ಮೊದಲಿಗೆ ಬೆಲೆ ಕಟ್ಟಬಾರದ ಅಂಶಗಳು, ಫಂಕ್ಷನ್ ಹೊತ್ತೊಯ್ಯುವ ಪರಿಸರ ಇವೆಲ್ಲ ಎರಡು ಪುಟಗಳಲ್ಲಿ ನಿಸ್ಸಂದೇಹವಾಗಿ ನಿರ್ಧಾರವಾಗುತ್ತವೆ. ಸುತ್ತನ್ನು ಒಡೆಯಲು ಒಮ್ಮೆ ಹೊರಗಿನ ಆಧಾರ ಸಾಕು, ಅದನ್ನು ರಸೆಲ್ ಯಂತ್ರಭಾಷೆಯಲ್ಲಿ ಒದಗಿಸಿದರು. ರೆನಲ್ಡ್ಸ್ ಎತ್ತಿದ ತೊಡಕು ಕಣ್ಣಿಗೆ ಬಿದ್ದದ್ದೂ ವ್ಯಾಖ್ಯೆ ಓದಬಲ್ಲ ಪಠ್ಯವಾಗಿದ್ದುದರಿಂದ.

ಎರಡನೆಯದು ವೇಗದ ಪ್ರಶ್ನೆ. ಸಾವಿರ ಸಲ ತಿರುಗುವ ಸುತ್ತಿನ ಉಕ್ತಿಯನ್ನು ಸರಳ ಇಂಟರ್‌ಪ್ರಿಟರ್ ಸಾವಿರ ಸಲ ಬಿಡಿಸಿ ನೋಡುತ್ತದೆ, ಆ ವ್ಯರ್ಥ ನಿಜ. ಇದಕ್ಕೆ ಉತ್ತರ ಲಿಸ್ಪ್‌ನ ಆರಂಭದಲ್ಲೇ ಇದೆ. 1962ರಲ್ಲಿ ಟಿಮ್ ಹಾರ್ಟ್ ಮತ್ತು ಮೈಕ್ ಲೆವಿನ್ ಲಿಸ್ಪ್ ಕಂಪೈಲರ್ ಅನ್ನು ಲಿಸ್ಪ್‌ನಲ್ಲೇ ಬರೆದು, ಇಂಟರ್‌ಪ್ರಿಟರ್‌ನಲ್ಲಿ ಅದನ್ನು ನಡೆಸಿ, ಅದರಿಂದ ಅದನ್ನೇ ಕಂಪೈಲ್ ಮಾಡಿಸಿದರು. ತನ್ನನ್ನು ತಾನೇ ಕಂಪೈಲ್ ಮಾಡಿದ ಮೊದಲ ಕಂಪೈಲರ್‌ಗಳಲ್ಲಿ ಅದೊಂದು. ಅಂದರೆ ವೇಗ ಬೇಕಾದಾಗ ಅದನ್ನು ತರುವ ಸಾಧನವನ್ನು ಕಟ್ಟಲು ಇಂಟರ್‌ಪ್ರಿಟರ್ ನೆಲೆಯಾಯಿತು. ಇಂದಿಗೂ ಕಂಪೈಲರ್ ಕೊಟ್ಟ ಉತ್ತರ ಸರಿಯೇ ಎಂದು ನೋಡಲು ಇಂಟರ್‌ಪ್ರಿಟರ್ ಕೊಟ್ಟ ಉತ್ತರವನ್ನು ಪಕ್ಕದಲ್ಲಿಡುತ್ತಾರೆ.

ಆವರಣಗಳ ಗದ್ದಲ ಓದಲು ಕಷ್ಟ ಎಂಬ ದೂರು ಅಭ್ಯಾಸಕ್ಕೆ ಸೇರಿದ್ದು. ಸಂಪಾದಕ ತಂತ್ರಾಂಶಗಳು ಜೋಡಿ ಆವರಣವನ್ನು ತಾವೇ ತೋರಿಸುತ್ತವೆ. ಹೆಚ್ಚು ಗಂಭೀರವಾದದ್ದು ಭದ್ರತೆಯ ಆಕ್ಷೇಪ. ದತ್ತಾಂಶವೇ ಪ್ರೋಗ್ರಾಂ ಆಗಬಲ್ಲದಾದರೆ, ಬೇರೆಯವರಿಂದ ಬಂದ ಕಡತವೂ ಪ್ರೋಗ್ರಾಂ ಆಗಿ ನಡೆದೀತು. ಆಟೋಲಿಸ್ಪ್‌ನಲ್ಲಿ ಬರೆದ ಮೆಡ್ರೆ ಎಂಬ ಹುಳು 2012ರಲ್ಲಿ ಪತ್ತೆಯಾಯಿತು. ನಕ್ಷೆಗಳ ಜೊತೆಗಿನ ಕಡತದಲ್ಲಿ ಅಡಗಿ ಬಂದು, ನಕ್ಷೆ ತೆರೆದ ಕೂಡಲೇ ನಡೆದು, ಆ ನಕ್ಷೆಗಳನ್ನು ಚೀನಾದ ಇಮೇಲ್ ವಿಳಾಸಗಳಿಗೆ ಕಳಿಸುತ್ತಿದ್ದ ಅದರ ಹಾವಳಿ ಪೆರು ದೇಶದಲ್ಲಿ ಹೆಚ್ಚಾಗಿತ್ತು. ನಂಬಿಕಸ್ಥ ಸ್ಥಳಗಳಿಂದ ಮಾತ್ರ ಪ್ರೋಗ್ರಾಂ ತೆರೆಯುವ ಕಟ್ಟುಪಾಡು ಬಳಿಕ ಆಟೋಕ್ಯಾಡ್‌ನಲ್ಲಿ ಬಂತು. ಈ ಅಪಾಯವನ್ನು ಭಾಷೆಯ ಸ್ವಭಾವದಿಂದ ಬೇರ್ಪಡಿಸಲಾಗದು. ಎಲ್ಲಿಂದ ಬಂದ ಪಟ್ಟಿಯನ್ನು ಇವಾಲ್‌ಗೆ ಕೊಡುತ್ತಿದ್ದೇವೆ ಎಂಬ ಜಾಗರೂಕತೆಯೇ ಪರಿಹಾರ.

ಇಂದಿನ ಸ್ಥಿತಿ

1980ರ ದಶಕದ ಕೊನೆಗೆ, ಲಿಸ್ಪ್ ನಡೆಸಲೆಂದೇ ಕಟ್ಟಿದ ಗಣಕಗಳಾದ ಲಿಸ್ಪ್ ಯಂತ್ರಗಳ ಮಾರುಕಟ್ಟೆ ಕುಸಿಯಿತು. ಕಾಮನ್ ಲಿಸ್ಪ್ 1994ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ರಿಚ್ ಹಿಕಿ 2007ರಲ್ಲಿ ಕ್ಲೋಜರ್ ಬಿಡುಗಡೆ ಮಾಡಿದ ಮೇಲೆ ಬೆಂಗಳೂರಿನ ಕೆಲವು ಕಂಪನಿಗಳಲ್ಲೂ ಅದರ ಬಳಕೆ ಬೆಳೆಯಿತು. ಚೆನ್ನೈನ ಶಿಕ್ಷಣ ಸಂಸ್ಥೆಗಳಲ್ಲಿ ಫಂಕ್ಷನ್ ಪ್ರಧಾನ ಭಾಷೆಗಳ ಅಧ್ಯಯನ ಮುಂದುವರಿದಿದೆ, ಮುಖ್ಯವಾಗಿ ಲಿಸ್ಪ್‌ನ ದಾಯಾದಿಗಳಲ್ಲಿ. ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಮತ್ತು ಎಸ್. ಪಿ. ಸುರೇಶ್ ಹ್ಯಾಸ್ಕೆಲ್ ಭಾಷೆಯ ಪಾಠಗಳನ್ನು ಎನ್‌ಪಿಟಿಇಎಲ್ ಎಂಬ ಅಂತರ್ಜಾಲ ಪಾಠಗಳ ಯೋಜನೆಯ ಮೂಲಕ ದೇಶಕ್ಕೆಲ್ಲ ಒದಗಿಸಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಬಂದ ಓಕ್ಯಾಮಲ್ 5, ಅಂದರೆ ಅಂಥದೇ ಇನ್ನೊಂದು ಭಾಷೆಯ, ಹಲವು ಪ್ರೊಸೆಸರ್‌ಗಳಲ್ಲಿ ಏಕಕಾಲಕ್ಕೆ ನಡೆಯಬಲ್ಲ ಆವೃತ್ತಿ, ಐಐಟಿ ಮದ್ರಾಸಿನ ಕೆ. ಸಿ. ಶಿವರಾಮಕೃಷ್ಣನ್ ಅವರ ಕೆಲಸಕ್ಕೆ ಬಹಳ ಋಣಿ. ಅದರ ಕಷ್ಟದ ಭಾಗಗಳಲ್ಲಿ ಒಂದು ಕಸ ಗುಡಿಸುವ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವುದಾಗಿತ್ತು, 1960ರ ಪ್ರಬಂಧದಲ್ಲಿ ಮೊದಲು ಕಾಣಿಸಿದ ಅದೇ ಸಮಸ್ಯೆ.

ಈಮ್ಯಾಕ್ಸ್ 2022ರ 28ನೆಯ ಆವೃತ್ತಿಯಿಂದ ತನ್ನ ಲಿಸ್ಪ್ ಅನ್ನು ಯಂತ್ರಭಾಷೆಗೂ ಇಳಿಸಬಲ್ಲದು, ಇಂಟರ್‌ಪ್ರಿಟರ್ ಮಾತ್ರ ಒಳಗೇ ಇದೆ. 2024ರ ಆವೃತ್ತಿಯಿಂದ ಆಟೋಕ್ಯಾಡ್‌ನ ಕಡಿಮೆ ಬೆಲೆಯ ಎಲ್‌ಟಿ ರೂಪದಲ್ಲೂ ಆಟೋಲಿಸ್ಪ್ ಸಿಗುತ್ತದೆ. ಈಮ್ಯಾಕ್ಸ್ ಕನ್ನಡವನ್ನು ತೋರಿಸುತ್ತದೆ, ಕನ್ನಡ ಬರೆಯಲು ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ವಿನ್ಯಾಸಗಳನ್ನು ಕೊಡುತ್ತದೆ. ಜಗತ್ತಿನ ಭಾಷೆಗಳ ವಂದನೆಗಳನ್ನು ಸಂಗ್ರಹಿಸಿದ ಅದರ ಪುಟದಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಯಾವ ಕೀಲಿಗೆ ಯಾವ ಅಕ್ಷರ, ಯಾವ ಎರಡು ಕೀಲಿಗಳಿಗೆ ಯಾವ ಕಾಗುಣಿತ ಎಂಬ ಆ ವಿನ್ಯಾಸಗಳು ಲಿಸ್ಪ್‌ನ ಪಟ್ಟಿಗಳಾಗಿ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಕಡತಗಳಲ್ಲಿವೆ.